ಹಬ್ಬದ ಕೂಟವೂ ಬಲಹೀನರ ಕ್ಷೇಮವೂ

ಬಂಧುಗಳು ಕೂಡುವುದರಿಂದಲೇ ಹಬ್ಬಕ್ಕೆ ಶೋಭೆಯುಂಟು. ಆದರೆ ಮನೆಯಲ್ಲಿ ವೃದ್ಧರಾಗಲಿ, ಗರ್ಭಿಣಿಯರಾಗಲಿ, ಮಧುಮೇಹ, ಹೃದ್ರೋಗ, ಶ್ವಾಸರೋಗಗಳುಳ್ಳವರಾಗಲಿ, ಕ್ಯಾನ್ಸರಿಗೆ ಚಿಕಿತ್ಸೆ ಹೊಂದುತ್ತಿರುವವರಾಗಲಿ ಇದ್ದರೆ, ಅವರು ಕೂಟಕ್ಕೆ ಹೋಗುವುದೋ ಬಿಡುವುದೋ ಎಂಬ ಪ್ರಶ್ನೆ ಏಳುವುದು. ಇದನ್ನು ಕುರಿತು ನಾವು ಕೊಂಚ ವಿಚಾರಮಾಡೋಣ.

ಈ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. 1898ನೆಯ ಇಸವಿ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಅನೇಕರು ಇಕ್ಕಟ್ಟಾದ ಪೇಟೆಯನ್ನು ತೊರೆದು ಬಯಲಿನ ಗುಡಿಸಲುಗಳನ್ನು ಸೇರಿದರು. 2020ರಲ್ಲಿ ಕೋವಿಡ್ ಹರಡಿದಾಗ ಮೈಸೂರಿನ ದಸರಾ ಮೆರವಣಿಗೆಯು ಅರಮನೆಯ ಆವರಣದಲ್ಲಿಯೇ ಮುಗಿಯಿತು. ಹಬ್ಬವು ನಿಲ್ಲಲಿಲ್ಲ, ಅದರ ರೂಪವು ಬದಲಾಯಿತು. ಆದಕಾರಣ ಹೋಗುವುದು, ಬಿಡುವುದು ಎಂಬ ಎರಡೇ ದಾರಿಗಳಲ್ಲ. ಕೂಟದ ರೀತಿಯನ್ನು ಮಾರ್ಪಡಿಸುವುದು ಮೂರನೆಯ ದಾರಿ. ಇದಕ್ಕೆ ಮೂರು ಸಂಗತಿಗಳನ್ನು ನೋಡತಕ್ಕದ್ದು.

ಮೊದಲನೆಯದು ಸ್ಥಳ. ಯಲಹಂಕ, ಹೆಬ್ಬಾಳಗಳ ಕಡೆ ಡಿಸೆಂಬರಿನ ಚಳಿಗೆ ಕಿಟಕಿಗಳನ್ನು ಮುಚ್ಚುವುದುಂಟು. ಮುಚ್ಚಿದ ಕೊಠಡಿಯಲ್ಲಿ ರೋಗಿಯ ಉಸಿರಿನ ಸೂಕ್ಷ್ಮಕಣಗಳು ಬಹಳ ಹೊತ್ತು ತೇಲುತ್ತಿರುವವು. ಅಂಗಳದ ಚಪ್ಪರದಲ್ಲಾದರೋ ಗಾಳಿಗೆ ಚದರಿಹೋಗುವವು. ಆದುದರಿಂದ ಮಧ್ಯಾಹ್ನದ ಬಿಸಿಲಿನಲ್ಲಿ ಅಂಗಳದ ಊಟವೇ ಲೇಸು.

ಎರಡನೆಯದು ಜನ. ಕಿಕ್ಕಿರಿದ ರೈಲಿನಿಂದ ಯಶವಂತಪುರದಲ್ಲಿ ಇಳಿದು ಬರುವ ನೆಂಟರಲ್ಲಿ ಯಾರಿಗಾದರೂ ಜ್ವರ, ಕೆಮ್ಮು, ನೆಗಡಿ ಇರುವುವೋ ಎಂದು ಮುಂಚಿತವಾಗಿ ವಿಚಾರಿಸುವುದು ಅಮರ್ಯಾದೆಯಲ್ಲ. ಇದ್ದವರು ತಾವೇ ಹಿಂದುಳಿಯುವುದು ನಿಜವಾದ ಮರ್ಯಾದೆ.

ಮೂರನೆಯದು ಸಿದ್ಧತೆ. ಇನ್‌ಫ್ಲುಯೆಂಜಾ ಲಸಿಕೆಯು ಫಲಕೊಡುವುದಕ್ಕೆ ಸುಮಾರು 2 ವಾರಗಳು ಬೇಕು. ಕ್ರಿಸ್ಮಸ್ಸಿನ ಹಿಂದಿನ ದಿನ ಎಚ್ಚತ್ತರೆ ಪ್ರಯೋಜನವಿಲ್ಲ. ಡಿಸೆಂಬರಿನ ಆರಂಭದೊಳಗೆ ವೈದ್ಯರನ್ನು ಕಾಣಬೇಕು. ಜನಸಂದಣಿಯಲ್ಲಿ ಮುಖಕವಚವು ಸಹಾಯಕವು.

ಇಷ್ಟೆಲ್ಲಾ ತಿಳಿದರೂ ಕಠಿನವಾದ ಒಂದು ಮಾತು ಉಳಿಯುವುದು. ಮಕ್ಕಳು ನೊಂದುಕೊಂಡಾರೆಂದು ಅಜ್ಜಿಯು ದಣಿವನ್ನು ಮುಚ್ಚಿಟ್ಟು ಹೊರಡುವಳು. ಇಲ್ಲವೆ ಮಕ್ಕಳು ಆಕೆಯನ್ನು ಕೇಳದೆಯೇ ಮನೆಯಲ್ಲಿ ಬಿಟ್ಟುಹೋಗುವರು. ಎರಡೂ ತಪ್ಪು. ಅಪಾಯವನ್ನು ತಿಳಿಯಹೇಳಿ, ತೀರ್ಮಾನವನ್ನು ಆಕೆಗೇ ಬಿಡಬೇಕು. ಏಕೆಂದರೆ ಏಕಾಂತವೂ ಮನುಷ್ಯನನ್ನು ಕುಗ್ಗಿಸುವುದು. ಆಕೆ ಬಾರೆನೆಂದರೆ ಯಾರೂ ಮುನಿಯಬಾರದು; ಆರೋಗ್ಯವುಳ್ಳ ಇಬ್ಬರು ಮೂವರು ಸಿಹಿತಿಂಡಿಯೊಡನೆ ಹೋಗಿ, ಆಕೆಯ ಜಗಲಿಯಲ್ಲಿ ಒಂದು ಗಳಿಗೆ ಕುಳಿತು ಬರಲಿ.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಮನೆಗಳಲ್ಲಿ ಹಬ್ಬದ ಏರ್ಪಾಡು ಹೆಚ್ಚಾಗಿ ನಿಮ್ಮ ಕೈಯಲ್ಲಿರುವುದು. ಪಂಕ್ತಿಯಲ್ಲಿ ಎಷ್ಟು ಎಲೆಗಳನ್ನು ಹಾಕಿದೆವೆಂದು ಎಣಿಸುವಾಗ, ಬರಲಾರದವರ ಎಲೆಯನ್ನೂ ಎಣಿಕೆಗೆ ಸೇರಿಸಿರಿ.