ಉಳಿ ಮಸೆಯದೆ ಲೇತ್ ಮುಟ್ಟಬೇಡ

ಲೇತ್ ಮನೆಗೆ ಬಂದ ದಿನವೇ ಬಟ್ಟಲು ಕಡೆಯಲು ಕೂತೆಯಂತೆ. ನಿನ್ನ ಹುರುಪು ನನಗೆ ಇಷ್ಟ ಮರಿ, ಕೈಯಲ್ಲಿ ಕಸುಬಿನ ಗುಣವೂ ಇದೆ. ಆದರೆ ಅವಸರ ಮಾತ್ರ ಕೈಗಿಂತ ಒಂದು ಹೆಜ್ಜೆ ಮುಂದೆ! ಬಟ್ಟಲು ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಬುಗುರಿ ಕಡೆ. ಉಬ್ಬು, ತಗ್ಗು, ಮೊನೆ ಎಲ್ಲವೂ ಅಂಗೈ ಅಗಲದ ಆ ಮರದಲ್ಲೇ ಇವೆ. ಹದ ತಪ್ಪಿದ್ದರೆ ನೆಲಕ್ಕೆ ಬಿಟ್ಟ ಕೂಡಲೇ ಓಲಾಡುತ್ತದೆ, ಯಾರನ್ನೂ ಕೇಳಬೇಕಾಗಿಲ್ಲ.

ಉಳಿಗಳ ದೊಡ್ಡ ಸೆಟ್ಟನ್ನೇ ತರಿಸಿದ್ದೀಯ, ಮಸೆಯುವ ಕಲ್ಲು ಮಾತ್ರ ತರಿಸಿಲ್ಲ. ಅಂಗಡಿಯಿಂದ ಬಂದ ಬಾಯಿಯೇ ಸಾಕು ಎಂದು ಯಾರು ಹೇಳಿದರಪ್ಪಾ ನಿನಗೆ? ಸದ್ಯಕ್ಕೆ ಎರಡು ಉಳಿ ಸಾಕು. ಒರಟು ತೆಗೆಯಲು ರಫಿಂಗ್ ಗೌಜ್, ನಯ ಮಾಡಲು ಓರೆಬಾಯಿಯ ಸ್ಕ್ಯೂ. ಉಳಿದವನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿಡು. ಆ ರಫಿಂಗ್ ಗೌಜನ್ನು ಬಟ್ಟಲಿಗೆ ಹಚ್ಚುವ ಯೋಚನೆ ಎಂದೂ ಬೇಡ. ಹಿಡಿಯೊಳಗೆ ಹೋಗುವ ಅದರ ಬಾಲ ಸಣ್ಣದು, ಮರ ಕಚ್ಚಿ ಎಳೆದರೆ ಅಲ್ಲೇ ಮುರಿದು ಮುಖಕ್ಕೆ ಬಂದೀತು.

ಮಸೆದ ಉಳಿಯೋ ಅಲ್ಲವೋ ತಿಳಿಯಲು ನೆಲ ನೋಡು. ಸೌತೆಕಾಯಿ ಸಿಪ್ಪೆಯಂತೆ ಉದ್ದುದ್ದ ಸುರುಳಿ ಬಿದ್ದಿದ್ದರೆ ಸರಿ. ಬರೀ ಪುಡಿ ಉದುರುತ್ತಿದ್ದರೆ ನಿಲ್ಲಿಸು, ಕಲ್ಲಿನ ಹತ್ತಿರ ಹೋಗು. ತೇಗದ ಮರವಾದರೆ ಇನ್ನೂ ಬೇಗ ಹೋಗಬೇಕಾದೀತು. ಅದರೊಳಗಿನ ಸಿಲಿಕಾ ಎಂಥ ಬಾಯನ್ನೂ ಮೊಂಡು ಮಾಡುತ್ತದೆ.

ಉಳಿ ಹಚ್ಚುವ ಕ್ರಮವನ್ನು ಚೆನ್ನಾಗಿ ಕೇಳು, ನೀನು ಎಡವುವುದೇ ಇಲ್ಲಿ. ಮೊದಲು ಮರದ ಮುಂದಿರುವ ಲೇತಿನ ಆಸರೆಪಟ್ಟಿಯ ಮೇಲೆ ಉಳಿ ಊರು. ಆಮೇಲೆ ಮಸೆದ ಓರೆಯ ಹಿಂಬದಿ ಮಾತ್ರ ಮರಕ್ಕೆ ತಾಗಲಿ. ಉಜ್ಜುತ್ತದೆ, ಕಡಿಯುವುದಿಲ್ಲ. ಈಗ ಹಿಡಿಯನ್ನು ಕೂದಲೆಳೆಯಷ್ಟು ಮೇಲೆತ್ತು. ಬಾಯಿ ತಾನಾಗಿಯೇ ಕಡಿಯತೊಡಗುತ್ತದೆ, ಸದ್ದೂ ಬದಲಾಗುತ್ತದೆ. ಆ ಸದ್ದಿಗೆ ಕಿವಿ ಪಳಗಬೇಕು. ನೇರವಾಗಿ ಬಾಯನ್ನೇ ಚುಚ್ಚಿದೆಯೋ, ಮರ ಉಳಿಯನ್ನು ಕಿತ್ತೆಸೆಯುತ್ತದೆ.

ಉಪ್ಪುಕಾಗದ ಇದೆಯಲ್ಲ ಎಂದು ನಿನ್ನ ಧೈರ್ಯ. ಮೊಂಡು ಉಳಿ ಕಿತ್ತ ನಾರು ಎಷ್ಟು ಉಜ್ಜಿದರೂ ಮುಚ್ಚುವುದಿಲ್ಲ, ಬಣ್ಣ ಬಿದ್ದ ಮೇಲೆ ಎದ್ದು ಕಾಣುತ್ತದೆ. ಚೆನ್ನಾಗಿ ಕಡೆದಿದ್ದರೆ 180 ನಂಬರಿನ ಕಾಗದದಿಂದ ಶುರುಮಾಡಿ 240, 320 ಎಂದು ಹೋಗು, ನಡುವಿನದನ್ನು ಹಾರಿಸಬೇಡ. ಉಜ್ಜುವಾಗ ಆಸರೆಪಟ್ಟಿ ತೆಗೆದುಬಿಡು, ಬೆರಳು ಸಿಕ್ಕಿಕೊಳ್ಳುವುದು ಅಲ್ಲೇ.

ಕೈಗವಸು ಬೇಡ, ಸಡಿಲ ತೋಳು ಬೇಡ, ಕತ್ತಿನ ಸರ ಬೇಡ. ಮುಖಕ್ಕೆ ಕವಚ ಬೇಕೇ ಬೇಕು. ಸ್ವಿಚ್ ಒತ್ತುವ ಮುಂಚೆ ಮರವನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿ ನೋಡು, ಆಮೇಲೆ ಪಕ್ಕಕ್ಕೆ ನಿಂತು ಒತ್ತು. ಈ ವಿಷಯದಲ್ಲಿ ನನಗೆ ಎದುರು ಮಾತಾಡಬೇಡ.

ವಿಡಿಯೋ ನೋಡು, ಬೇಡವೆನ್ನುವುದಿಲ್ಲ. ಆದರೆ ಬೆಂಗಳೂರಿನಲ್ಲಿದ್ದೂ ಚನ್ನಪಟ್ಟಣ ನೋಡಿಲ್ಲ ಎಂದರೆ ಹೇಗೆ? ಮೈಸೂರು ರಸ್ತೆಯಲ್ಲಿ 60 ಕಿಲೋಮೀಟರ್ ಅಷ್ಟೆ. ಅಲ್ಲಿನ ಮರದ ಗೊಂಬೆ ಕಡೆಯುವ ಕಸುಬಿಗೆ ಹೊಸ ರೂಪ ಕೊಟ್ಟ ಬಾವಾಸ್ ಮಿಯಾನ್ ಜಪಾನಿನವರ ಅರಗಿನ ಕೆಲಸವನ್ನೂ ಕಲಿತು ತಂದರೆಂದು ಹೇಳುತ್ತಾರೆ. ನಿನಗೆ ಒಂದು ಬಸ್ಸು ಹತ್ತುವುದು ಭಾರವೇ? ಹೋಗಿ ಸುಮ್ಮನೆ ಕೂತು ನೋಡು. ಆಲೆ ಎಂಬ ಮರವನ್ನು ತಿರುಗಿಸಿ ಅದಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮೈಗೆ ಹತ್ತುತ್ತದೆ. ಬೆಂಕಿಯಿಲ್ಲ, ಕುಂಚವಿಲ್ಲ. ಆಮೇಲೆ ತಾಳೆಗರಿಯ ತುಂಡೊಂದನ್ನು ಮಡಿಸಿ ಹಿಡಿಯುತ್ತಾರೆ. ಗಂಟುಗಂಟಾಗಿ ನಿಂತ ಬಣ್ಣ ಹರಡಿ, ನೋಡನೋಡುತ್ತಲೇ ಹೊಳಪು ಬರುತ್ತದೆ. ಎಷ್ಟು ಒತ್ತಬೇಕೆಂದು ಕೇಳಿದರೆ ಬಾಯಲ್ಲಿ ಹೇಳಲಾರರು, ಅವರ ಮಣಿಕಟ್ಟು ನೋಡು.

ಅಲ್ಲಿಂದ ಬರುವಾಗ ಒಣಗಿದ ಆಲೆ ತುಂಡು ಸಿಕ್ಕರೆ ಕೇಳಿ ತಾ. ಮೃದು ಮರ, ಕಲಿಯುವ ಕೈಗೆ ಒಳ್ಳೆಯದು. ಹಿತ್ತಲಲ್ಲಿ ಬಿದ್ದ ಆ ಹಸಿ ಮಾವಿನ ದಿಮ್ಮಿಗೆ ಈಗಲೇ ಕೈಹಾಕಬೇಡ, ಹಸಿ ಮರ ಸೊಟ್ಟಗಾಗುತ್ತದೆ, ಅರಗೂ ಹಿಡಿಯುವುದಿಲ್ಲ. ತಿರುಳು ಎರಡು ಪಾಲಾಗುವಂತೆ ಉದ್ದಕ್ಕೆ ಸೀಳು, ಎರಡೂ ತುದಿಗೆ ಮೇಣ ಬಳಿ, ನೆರಳಲ್ಲಿ ಅಡಿಗೆ ಪಟ್ಟಿ ಕೊಟ್ಟು ಜೋಡಿಸಿಡು. ಸೀಳಿದ ತಾರೀಖು ಸೀಮೆಸುಣ್ಣದಲ್ಲಿ ಅದರ ಮೇಲೇ ಬರೆ.