ಹೋಮಿಯೋಪತಿ ಔಷಧ: ಬಾಟಲಿಯ ಚೀಟಿ ಓದಿ

ನಮ್ಮ ಜಿಲ್ಲೆಗೆ ಹೋಮಿಯೋಪತಿ ಹೊಸದಲ್ಲ. ಫಾದರ್ ಆಗಸ್ಟಸ್ ಮುಲ್ಲರ್ ಅವರು 1880ರಲ್ಲೇ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಈ ಔಷಧ ಕೊಡಲಾರಂಭಿಸಿದರು. ಇಂದಿಗೂ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಎಷ್ಟೋ ಮನೆಗಳಲ್ಲಿ ಸಿಹಿ ಗುಳಿಗೆಯ ಬಾಟಲಿ ಇರುತ್ತದೆ. ಆದರೆ ಆಸ್ಪತ್ರೆಯಲ್ಲಿ ಯಾವ ಮದ್ದು ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳಿದಾಗ ಹಲವರು ಅದನ್ನು ಹೇಳುವುದೇ ಇಲ್ಲ. "ಅದು ಬರೀ ಸಕ್ಕರೆ ಗುಳಿಗೆ ಸಿಸ್ಟರ್" ಎನ್ನುತ್ತಾರೆ.

ಕಾನೂನಿನ ಪ್ರಕಾರ ಅದೂ ಮದ್ದೇ. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯ್ದೆ ಅದಕ್ಕೂ ಅನ್ವಯಿಸುತ್ತದೆ. ಕಂಪೆನಿಯಿಂದ ಬರುವ ಬಾಟಲಿಯ ಚೀಟಿಯಲ್ಲಿ ಔಷಧದ ಹೆಸರು, ಪೊಟೆನ್ಸಿ, ತಯಾರಕರ ವಿಳಾಸ, ಬ್ಯಾಚ್ ಹಾಗೂ ಲೈಸೆನ್ಸ್ ನಂಬರು ಇರಬೇಕು. ಆಲ್ಕೋಹಾಲ್ ಇದ್ದರೆ ಅದರ ಶೇಕಡಾ ಪ್ರಮಾಣವೂ ಇರಬೇಕು. ಲಿವರ್ ತೊಂದರೆ ಇರುವವರು, ಮಗುವಿಗೆ ಹನಿ ಕೊಡುವ ತಾಯಂದಿರು ಈ ಸಾಲನ್ನು ತಪ್ಪದೆ ನೋಡಿ.

30 ಪೊಟೆನ್ಸಿ ಎಂದರೆ ನೂರರಲ್ಲಿ ಒಂದು ಪಾಲಿನಂತೆ 30 ಸಲ ತೆಳುಗೊಳಿಸಿದ್ದು. ಅದರಲ್ಲಿ ಮೂಲವಸ್ತು ಉಳಿದಿರುವುದಿಲ್ಲ ಎಂದೇ ಹೇಳಬಹುದು. ಮದರ್ ಟಿಂಕ್ಚರ್ ಹಾಗಲ್ಲ, ಅದು ಮೂಲವಸ್ತುವಿನ ಸಾರವೇ. ತಯಾರಿಕೆಯಲ್ಲಿ ಎಡವಟ್ಟಾಗುವುದೂ ಉಂಟು. ಹಲ್ಲು ಬರುವ ಮಕ್ಕಳಿಗೆಂದು ಮಾರುತ್ತಿದ್ದ ಕೆಲವು ಹೋಮಿಯೋಪತಿ ಗುಳಿಗೆಗಳಲ್ಲಿ, ಚೀಟಿಯಲ್ಲಿ ಬರೆದದ್ದಕ್ಕಿಂತ ಹೆಚ್ಚು ಬೆಲ್ಲಡೋನಾ (ವಿಷದ ಗಿಡ) ಇದ್ದದ್ದನ್ನು 2017ರಲ್ಲಿ ಅಮೆರಿಕದ ಎಫ್‌ಡಿಎ ಪತ್ತೆ ಮಾಡಿತು.

ಆದರೂ ನಾವು ಹೆಚ್ಚು ಹೆದರುವುದು ಗುಳಿಗೆಗಲ್ಲ. ಅದನ್ನು ನಂಬಿ ಇನ್ಸುಲಿನ್, ಬಿಪಿ ಅಥವಾ ಫಿಟ್ಸ್ ಮಾತ್ರೆ ನಿಲ್ಲಿಸುವುದಕ್ಕೆ. ಫಿಟ್ಸ್ ಮಾತ್ರೆ ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ. ಅಡ್ಮಿಟ್ ಆಗುವಾಗ ಮನೆಯಲ್ಲಿರುವ ಬಾಟಲಿಯನ್ನೇ ತಂದು ತೋರಿಸಿ. ಚೀಟಿಯಿಲ್ಲದ ಪೊಟ್ಟಣವಾದರೆ, ಕೊಟ್ಟ ಡಾಕ್ಟರರಿಂದ ಹೆಸರು ಬರೆಸಿಕೊಂಡು ಬನ್ನಿ. ಯಾರೂ ಬೈಯುವುದಿಲ್ಲ.