ಹುಲ್ಲಿನ ಗಾಡಿಗೆ ಎಷ್ಟು ಕುದುರೆ ಕಟ್ಟಬೇಕು?

ಒಮಾನಿನಲ್ಲಿ ಡೀಸೆಲ್ ಲೀಟರಿಗೆ 258 ಬೈಸಾ. 2021ರ ಕೊನೆಗೆ ಸರ್ಕಾರ ದರಕ್ಕೆ ಮಿತಿ ಕಟ್ಟಿದ್ದು ಅಲ್ಲಿಗೆ. ನಮ್ಮ ರೂಪಾಯಿಗೆ ತಿರುಗಿಸಿದರೆ ಅರವತ್ತರ ಆಸುಪಾಸು. ಕರ್ನಾಟಕದ ನಮ್ಮ ಊರಿನಲ್ಲಿ ಅದೇ ಲೀಟರಿಗೆ ತೊಂಬತ್ತರ ಹತ್ತಿರ ಎಣಿಸಬೇಕು. ಡೀಸೆಲ್ ಅಗ್ಗವಿರುವ ಕಡೆ ಜನ ದೊಡ್ಡ ಟ್ರ್ಯಾಕ್ಟರಿನ ಮೇಲೆ ಕಣ್ಣು ಹಾಕುವುದು ಸಹಜ. ನಮ್ಮ ಅರ್ಬಾಬ್, ಅಂದರೆ ಯಜಮಾನರು, ಕೂಡ ಹಾಕಿದ್ದರು.

ನಾನು ಲೆಕ್ಕ ಬರೆಯುವವನು, ಟ್ರ್ಯಾಕ್ಟರ್ ಓಡಿಸುವವನಲ್ಲ. ಬಾತಿನಾ ಕರಾವಳಿಯ ಸಹಮ್ ಕಡೆಯ ಒಂದು ಮೇವಿನ ತೋಟದಲ್ಲಿ ನನ್ನ ಕೆಲಸ. ಇಲ್ಲಿ ಪಂಪುಗಳು ಅಂತರ್ಜಲವನ್ನು ಮಿತಿಮೀರಿ ಎಳೆದಿದ್ದರಿಂದ ಸಮುದ್ರದ ಉಪ್ಪು ಬಾವಿಗಳಿಗೆ ನುಗ್ಗಿದೆ. ನೀರು ಕುಡಿಯುವ ರೋಡ್ಸ್ ಹುಲ್ಲಿನ ಬೇಸಾಯವನ್ನು ಕರಾವಳಿಯಿಂದ ಒಳನಾಡಿಗೆ, ದೋಫಾರಿನ ನಜ್ದ್ ಮರುಭೂಮಿಗೆ ಸಾಗಿಸುವ ಪ್ರಯತ್ನ ವರ್ಷಗಳಿಂದ ನಡೆದಿದೆ. ಅಲ್ಲಿ ಹೊಲವೆಂದರೆ ಸುತ್ತುವ ನೀರಾವರಿಯ ದುಂಡು ವೃತ್ತ. 400 ಮೀಟರ್ ಉದ್ದದ ತೋಳು ಒಂದು ಸುತ್ತು ಬಂದರೆ 50 ಹೆಕ್ಟೇರ್ ಹಸಿರಾಗುತ್ತದೆ. ನಮ್ಮ ಅರ್ಬಾಬರಿಗೆ ಆ ಕಡೆಯೂ ಒಂದು ಪಾಲಿದೆ. ಯಂತ್ರದ ಪ್ರಶ್ನೆ ಎದ್ದಿದ್ದು ಅಲ್ಲಿಂದ.

ಅವರಿಗೆ ಬೇಕಿದ್ದದ್ದು ತಾನೇ ತುಂಬಿಕೊಳ್ಳುವ ಮೇವಿನ ವ್ಯಾಗನ್. ಕೊಯ್ದು ಸಾಲಾಗಿ ಬಿದ್ದ ಹುಲ್ಲನ್ನು ಮುಂದಿನ ಹಲ್ಲುಗಳು ಎತ್ತಿಕೊಳ್ಳುತ್ತವೆ. ರೋಟರ್ ಅದನ್ನು ಚಾಕುಗಳ ನಡುವೆ ನುಗ್ಗಿಸಿ ತುಂಡು ಮಾಡುತ್ತದೆ, ನೆಲದ ಸರಪಳಿ ಹಿಂದಕ್ಕೆ ತಳ್ಳುತ್ತದೆ. ಹಸಿಯಾಗಿ ಕೊಟ್ಟಿಗೆಗೆ ಒಯ್ಯಬಹುದು, ಬಾಡಿಸಿ ರಸಮೇವಿನ (ಸೈಲೇಜ್) ಗುಂಡಿಗೂ ಸುರಿಯಬಹುದು. ಕೊಟೇಶನ್ ಜೊತೆ ಬಂದ ಹೊಳಪು ಕಾಗದದಲ್ಲಿ ‘ಬೇಕಾದ ಶಕ್ತಿ’ ಎಂದು ಒಂದು ಅಂಕಿ ಇತ್ತು, ಅದೂ ಕಿಲೋವ್ಯಾಟಿನಲ್ಲಿ. 1.36ರಿಂದ ಗುಣಿಸಿದರೆ ಹೆಚ್‌ಪಿ. ಗುಣಿಸಿದೆ, ನಮ್ಮಲ್ಲಿದ್ದ 120 ಹೆಚ್‌ಪಿ ಟ್ರ್ಯಾಕ್ಟರ್ ಸಾಕೆಂದೇ ಕಂಡಿತು. ಮಾರಾಟದವರ ಮಾತು ಬೇರೆ: “ಮರಳಿಗೆ 180 ಇಲ್ಲದೆ ಆಗುವುದಿಲ್ಲ.” ವ್ಯತ್ಯಾಸ ಸುಮಾರು ಹತ್ತು ಸಾವಿರ ರಿಯಾಲ್. ಒಂದು ರಿಯಾಲಿಗೆ ಇನ್ನೂರು ರೂಪಾಯಿ ಮೀರಿದೆ ಎಂದು ಗೊತ್ತಿರುವವರು ಲೆಕ್ಕ ಹಾಕಿಕೊಳ್ಳಲಿ.

ಮಾರಾಟದವರು ಸುಳ್ಳು ಹೇಳಿರಲಿಲ್ಲ ಎನ್ನುವುದೇ ಇಲ್ಲಿನ ಸ್ವಾರಸ್ಯ.

ವ್ಯಾಗನ್ ಖಾಲಿ ತೂಕ ಐದೂವರೆ ಟನ್, ಮೇವು ಏಳು ಟನ್, ಟ್ರ್ಯಾಕ್ಟರ್ ಇನ್ನೊಂದು ಐದೂವರೆ ಟನ್ ಎಂದಿಟ್ಟುಕೊಳ್ಳಿ. ಒಟ್ಟು 18 ಟನ್ ಉರುಳಬೇಕು. ಮೆದು ಹೊಲದಲ್ಲಿ ಚಕ್ರ ಉರುಳಿಸಲು ತೂಕದ ಹತ್ತನೇ ಒಂದು ಭಾಗದಷ್ಟು ಎಳೆತ ಬೇಕು. ಗಂಟೆಗೆ 8 ಕಿ.ಮೀ. ವೇಗಕ್ಕೆ ಅದು 53 ಹೆಚ್‌ಪಿ ಆಗುತ್ತದೆ. ರೋಟರ್ ಮತ್ತು ಚಾಕುಗಳಿಗೆ ಪಿಟಿಒ (ಟ್ರ್ಯಾಕ್ಟರಿನ ಹಿಂದೆ ತಿರುಗುವ ಶಾಫ್ಟ್) ಮೂಲಕ 50 ಹೆಚ್‌ಪಿ ಹಿಡಿಯೋಣ. ಗೇರಿನಲ್ಲಿ, ಚಕ್ರದ ಜಾರಾಟದಲ್ಲಿ ಕಳೆದುಹೋಗುವುದನ್ನೂ ಸೇರಿಸಿದರೆ ಎಂಜಿನ್ ಕೊಡಬೇಕಾದದ್ದು 125ರ ಹತ್ತಿರ. ಕಾಗದದ ಅಂಕಿ ಇಂಥ ನೆಲಕ್ಕೆ ಬರೆದದ್ದು. ಸಡಿಲ ಮರಳಿನಲ್ಲಿ ಉರುಳುವ ಎಳೆತ ಇಮ್ಮಡಿ, ಅಂದರೆ 106 ಹೆಚ್‌ಪಿ. ಒಟ್ಟು ಲೆಕ್ಕ 190 ದಾಟುತ್ತದೆ.

ಇದರ ಮೇಲೆ ಬಿಸಿಲು. ಎಂಜಿನ್ನಿನ ಹೆಚ್‌ಪಿಯನ್ನು ಅಳೆಯುವುದು 25 ಡಿಗ್ರಿ ಗಾಳಿಯಲ್ಲಿ. ಜೂನ್ ತಿಂಗಳಲ್ಲಿ ಆ ಮರುಭೂಮಿಯಲ್ಲಿ 45 ಮುಟ್ಟುವುದುಂಟು. ಬಿಸಿ ಗಾಳಿ ತೆಳು, ಎಂಜಿನ್ನಿಗೆ ಉಸಿರು ಕಡಿಮೆ. ಕ್ಯಾಬಿನ್ನಿನ ಎ.ಸಿ. ತನ್ನ ಪಾಲು ಕಿತ್ತುಕೊಳ್ಳುತ್ತದೆ. ನಮ್ಮ ಚಾಲಕ ಮುಲ್ತಾನ್ ಕಡೆಯವನು, ಮಾತು ಕಮ್ಮಿ. ವ್ಯಾಗನ್ ಬಂದ ಮೇಲೆ ಒಮ್ಮೆ ನನ್ನನ್ನು ಕರೆದು ರೇಡಿಯೇಟರಿನ ಜಾಲರಿ ತೋರಿಸಿದ. ಹುಲ್ಲಿನ ಸುಂಕು ಕಂಬಳಿಯ ಹಾಗೆ ಮೆತ್ತಿಕೊಂಡಿತ್ತು. ಏರ್ ಪೈಪಿನಿಂದ ಊದಿದ ಹತ್ತು ನಿಮಿಷದಲ್ಲಿ ಬಿಸಿಯ ಮುಳ್ಳು ಕೆಂಪಿನಿಂದ ಕೆಳಗಿಳಿಯಿತು. ಆಮೇಲೆ ವ್ಯಾಗನ್ ಕೆಳಗೆ ಬಗ್ಗಿ ಒಂದು ಚಾಕು ಬಿಚ್ಚಿ ಕೈಗೆ ಕೊಟ್ಟ. ಅಂಚು ಹೆಬ್ಬೆರಳಿನಷ್ಟು ಮೊಂಡು. ರೋಡ್ಸ್ ಹುಲ್ಲು ಒರಟು, ಜೊತೆಗೆ ಮರಳು ಬರುತ್ತದೆ, ಒಂದೇ ದಿನದಲ್ಲಿ ಚಾಕು ಸವೆಯುತ್ತದೆ. ಮೊಂಡು ಚಾಕು ಹುಲ್ಲನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಹಾಗೆ ಹರಿಯಲು ಬೇಕಾಗುವ ಶಕ್ತಿಯ ಬಿಲ್ಲು ಡೀಸೆಲ್ ಖಾತೆಯಲ್ಲಿ ಬರುತ್ತದೆ, ಸಾಣೆಯ ಖಾತೆಯಲ್ಲಿ ಅಲ್ಲ. ಹೀಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗಾದರೆ 180 ಹೆಚ್‌ಪಿಯೇ ಸರಿ ಎನ್ನಬೇಕಲ್ಲವೇ? ಅರ್ಬಾಬ್ ಮುಂದೆ ನಾನು ಇಟ್ಟದ್ದು ಬೇರೆ ಲೆಕ್ಕ.

ರಸಮೇವಿನ ಗುಂಡಿಯಲ್ಲಿ ಮೇವನ್ನು ತುಳಿಯುವ ಟ್ರ್ಯಾಕ್ಟರ್ ಎಷ್ಟು ಭಾರವಿದೆ ಎನ್ನುವುದರ ಮೇಲೆ ಇಡೀ ಕೆಲಸದ ವೇಗ ನಿಂತಿದೆ. ಗಂಟೆಗೆ ಬರುವ ಒಂದೊಂದು ಟನ್ ಮೇವಿಗೂ ತುಳಿಯುವ ತೂಕ ಸುಮಾರು 400 ಕಿಲೋ ಇರಬೇಕೆಂಬುದು ರಸಮೇವು ಮಾಡುವವರ ಹಳೆಯ ಲೆಕ್ಕ. ನಮ್ಮಲ್ಲಿ ತುಳಿಯಲು ಇದ್ದದ್ದು ಐದೂವರೆ ಟನ್ನಿನ ಇನ್ನೊಂದು ಟ್ರ್ಯಾಕ್ಟರ್. ಅದು ತಾಳಿಕೊಳ್ಳುವುದು ಗಂಟೆಗೆ 14 ಟನ್, ಅಂದರೆ ಎರಡು ವ್ಯಾಗನ್. ಮೂರನೆಯದು ಬಂದರೆ ಗುಂಡಿಯ ಬಾಯಲ್ಲಿ ಕಾಯಬೇಕು, ಇಲ್ಲವೇ ಸರಿಯಾಗಿ ತುಳಿಯದೆ ಮೇಲೆ ಸುರಿಯಬೇಕು. ಸರಿಯಾಗಿ ತುಳಿಯದ ಮೇವಿನಲ್ಲಿ ಗಾಳಿ ಉಳಿಯುತ್ತದೆ, ಬಿಸಿಯಾಗುತ್ತದೆ, ಬೂಸ್ಟು ಹಿಡಿಯುತ್ತದೆ. ರೋಡ್ಸ್ ಹುಲ್ಲಿನಲ್ಲಿ ಸಕ್ಕರೆಯ ಅಂಶ ಮೊದಲೇ ಕಡಿಮೆ, ಹುಳಿ ಏರುವುದು ನಿಧಾನ. ಮೆಕ್ಕೆಜೋಳದಷ್ಟು ಸಲೀಸಲ್ಲ. ಮರುಭೂಮಿಯಲ್ಲಿ ನೀರು ಎತ್ತಿ ಬೆಳೆಸಿದ ಹುಲ್ಲು ಕೊಳೆತರೆ ನಷ್ಟ ಹುಲ್ಲಿನದು ಮಾತ್ರವಲ್ಲ, ನೀರಿನದೂ.

ಈಗ ಮರಳಿನ ಲೆಕ್ಕಕ್ಕೆ ಮರಳಿ ಬನ್ನಿ. ವೇಗವನ್ನು 8ರಿಂದ 5 ಕಿ.ಮೀ.ಗೆ ಇಳಿಸಿದರೆ ಉರುಳಿಸುವ ಶಕ್ತಿ 106ರಿಂದ 66ಕ್ಕೆ ಬರುತ್ತದೆ. ಗಂಟೆಗೆ ಎತ್ತುವ ಹುಲ್ಲು ಕಡಿಮೆಯಾದ್ದರಿಂದ ರೋಟರಿನ ಪಾಲೂ 50ರಿಂದ 31ಕ್ಕೆ. ನಷ್ಟ ಸೇರಿಸಿದರೂ ಒಟ್ಟು 120ರ ಆಸುಪಾಸು. ಹಳೆಯ ಟ್ರ್ಯಾಕ್ಟರೇ ಎಳೆಯುತ್ತದೆ. ಹೊಲದ ನಡುವಿನಿಂದ ಅಂಚಿಗೆ ಇರುವುದೇ 400 ಮೀಟರ್, ದಾರಿಯಲ್ಲಿ ಕಳೆಯುವ ಹೊತ್ತು ಅಷ್ಟಕ್ಕಷ್ಟೆ. ಗಂಟೆಗೆ ಎರಡು ಲೋಡ್ ಆರಾಮಾಗಿ ಆಗುತ್ತದೆ, ಗುಂಡಿಗೆ ಬೇಕಾದದ್ದೂ ಅಷ್ಟೇ. ಮಧ್ಯಾಹ್ನದ ಉರಿಯಲ್ಲಿ ಮಾತ್ರ ಏಗುವುದಿಲ್ಲ, ಬೆಳಗಿನ ಜಾವ ಮತ್ತು ರಾತ್ರಿ ಓಡಿಸಬೇಕು. ಮನುಷ್ಯನಿಗೂ ಅದೇ ವಾಸಿ.

ಉಳಿಯುವ ಹತ್ತು ಸಾವಿರ ರಿಯಾಲಿನ ಮಾತು. ಐದು ವರ್ಷದಲ್ಲಿ ಆ ಹೆಚ್ಚುವರಿ ಹಣದಲ್ಲಿ ಅರ್ಧ ಕರಗುತ್ತದೆ ಎಂದರೆ ವರ್ಷಕ್ಕೆ ಸಾವಿರ. ಆರು ಪರ್ಸೆಂಟ್ ಬಡ್ಡಿ ಎಂದರೆ ಇನ್ನು ಆರುನೂರು. ವರ್ಷಕ್ಕೆ 800 ಗಂಟೆ ಓಡಿಸಿದರೂ ಗಂಟೆಗೆ ಎರಡು ರಿಯಾಲ್ ಬೀಳುತ್ತದೆ. ಎರಡು ರಿಯಾಲಿಗೆ ಇಲ್ಲಿ ಏಳೂವರೆ ಲೀಟರಿಗಿಂತ ಹೆಚ್ಚು ಡೀಸೆಲ್ ಬರುತ್ತದೆ. ಡೀಸೆಲ್ ಅಗ್ಗ ಎಂದು ದೊಡ್ಡದನ್ನು ಕೊಂಡವರು ಈ ಎರಡು ರಿಯಾಲನ್ನು ಎಲ್ಲೂ ಬರೆದುಕೊಳ್ಳುವುದಿಲ್ಲ, ಅದಕ್ಕೆ ರಸೀದಿ ಇರುವುದಿಲ್ಲವಲ್ಲ. ಇನ್ನೊಂದು ಮಾತು: 1986ರಿಂದ ರಿಯಾಲನ್ನು ಡಾಲರಿಗೆ ಕಟ್ಟಿಹಾಕಿದ್ದಾರೆ, ಒಂದು ರಿಯಾಲಿಗೆ 2.60 ಡಾಲರ್. ವ್ಯಾಗನ್ನುಗಳು ಬರುವುದು ಯುರೋಪಿನಿಂದ, ಬೆಲೆ ಯೂರೋದಲ್ಲಿ. ಯೂರೋ ಏರಿದ ತಿಂಗಳು ಆರ್ಡರ್ ಮಾಡಿದರೆ ಯಂತ್ರ ಅದೇ, ಬೆಲೆ ಬೇರೆ. ಬಿಡಿಭಾಗಕ್ಕೂ ಅದೇ ಗತಿ.

ಅರ್ಬಾಬ್ ಎಲ್ಲ ಕೇಳಿ, ಗಡ್ಡ ಸವರಿ, “ಹಾಗಾದರೆ ಗುಂಡಿಗೆ ಇನ್ನೊಂದು ಹಳೆಯ ಭಾರದ ಟ್ರ್ಯಾಕ್ಟರ್ ಹುಡುಕು” ಎಂದರು. ಲೆಕ್ಕಿಗನಿಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗುವುದು ಅಪರೂಪ. ತುಳಿಯುವುದಕ್ಕೆ ತೂಕ ಬೇಕು, ಹೊಸತನ ಬೇಡ.

ಚಿಕ್ಕದರಲ್ಲೇ ಎಲ್ಲ ಸಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಸಲಾಲಾ ಕಡೆಯ ಗುಡ್ಡಗಳಲ್ಲಿ ಲೆಕ್ಕ ತಲೆಕೆಳಗು. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಖರೀಫ್, ಮಲೆನಾಡಿನ ಹಾಗೆ ಜಡಿ ಮಂಜು, ನೆಲ ಜಾರು. ನೂರಕ್ಕೆ ಹತ್ತು ಅಡಿ ಏರುವ ದಾರಿಯಲ್ಲಿ 18 ಟನ್ ಹತ್ತಿಸಲು ಗಂಟೆಗೆ 8 ಕಿ.ಮೀ.ಗೆ ಮತ್ತೆ 53 ಹೆಚ್‌ಪಿ ಬೇಕು. ಇಳಿಯುವಾಗ ಹೆಚ್‌ಪಿ ಉಪಯೋಗಕ್ಕೆ ಬಾರದು. ಅಲ್ಲಿ ಟ್ರ್ಯಾಕ್ಟರಿನ ತೂಕ ಮತ್ತು ವ್ಯಾಗನ್ನಿನ ಸ್ವಂತ ಬ್ರೇಕೇ ಕಾಯಬೇಕು. ಹಿಂದಿನ ಭಾರ ಹುಕ್ಕಿನ ಮೇಲೆ ಕೂತು ಮುಂದಿನ ಚಕ್ರ ಹಗುರಾದರೆ ಸ್ಟೀರಿಂಗ್ ತಿರುಗಿಸಿದರೂ ಟ್ರ್ಯಾಕ್ಟರ್ ತಿರುಗುವುದಿಲ್ಲ. ಆ ಜಾಗದಲ್ಲಿ ಹಣ ಉಳಿಸಲು ಹೋಗಬಾರದು.

ಇಷ್ಟೆಲ್ಲ ಬರೆಯಲು ಕಾರಣ ಮಸ್ಕತ್ತಿನ ರುವಿಯಲ್ಲಿರುವ ನಮ್ಮ ಚಿಕ್ಕಪ್ಪನ ಮಗ. ನಮ್ಮದು ಹರಪನಹಳ್ಳಿ ಕಡೆ, ಮೆಕ್ಕೆಜೋಳದ ಸೀಮೆ. ಅವನಿಗೆ ಕೆಲಸ ಬಿಟ್ಟಾಗ ಬರುವ ಗ್ರಾಚ್ಯುಟಿ ಹಣದಲ್ಲಿ ಊರಲ್ಲಿ ಹೈನುಗಾರಿಕೆ ಮಾಡುವ ಆಸೆ.

“ಅಣ್ಣಾ, ಇಲ್ಲಿ ನೋಡಿದಂಥಾ ವ್ಯಾಗನ್ ಒಂದು ತಗಂಡು, ಅರವತ್ತು ಹೆಚ್‌ಪಿ ಟ್ರ್ಯಾಕ್ಟರ್ ಹಾಕಿದ್ರೆ ಹೆಂಗೆ?”

“ನೀನು ಬೆಳೆಯೋದೇನೋ?”

“ಗೋವಿನಜೋಳ.”

“ಹಂಗಾದ್ರೆ ಆ ವ್ಯಾಗನ್ನೇ ಬೇಡ ಬಿಡು.”

ಗೋವಿನಜೋಳದ, ಅಂದರೆ ಮೆಕ್ಕೆಜೋಳದ, ನಿಂತ ದಂಟನ್ನು ಆ ವ್ಯಾಗನ್ ಎತ್ತುವುದಿಲ್ಲ, ಅದು ಕೊಯ್ದು ಬಿದ್ದ ಹುಲ್ಲಿಗೆ ಮಾತ್ರ. ಮೆಕ್ಕೆಜೋಳಕ್ಕೆ ಬೇಕಾದದ್ದು ಕೊಯ್ದು ಕತ್ತರಿಸಿ ಪಕ್ಕದ ಟ್ರೇಲರಿಗೆ ಊದುವ ಯಂತ್ರ. ಒಂದು ಸಾಲಿನದ್ದನ್ನು ನಮ್ಮ ಕಡೆಯ 50 ಹೆಚ್‌ಪಿ ಟ್ರ್ಯಾಕ್ಟರ್ ತಿರುಗಿಸುತ್ತದೆ. ಊರಿನ ಸಾಮಾನ್ಯ ಟ್ರ್ಯಾಕ್ಟರುಗಳ ಪಿಟಿಒ ನಿಮಿಷಕ್ಕೆ 540 ಸುತ್ತಿನದು, ದೊಡ್ಡ ಯಂತ್ರಗಳು 1000 ಕೇಳುತ್ತವೆ, ಶಾಫ್ಟಿನ ಹಲ್ಲುಗಳೇ ಕೂಡುವುದಿಲ್ಲ. ಬಾನೆಟ್ ಮೇಲೆ 50 ಎಂದು ಬರೆದಿದ್ದರೂ ಪಿಟಿಒ ಬಾಯಿಗೆ ಬರುವುದು 42–43 ಮಾತ್ರ. ಷೋರೂಮಿನಲ್ಲಿ ಕೇಳಬೇಕಾದದ್ದು ಎರಡನೆಯ ಅಂಕಿಯನ್ನು.

ಊರಿನಲ್ಲಿ ಹಣದ ಲೆಕ್ಕ ಇಲ್ಲಿಗಿಂತ ಕಟು. ಹೆಚ್ಚುವರಿ ಹತ್ತು ಲಕ್ಷ ಸುರಿದರೆ, ಐದು ವರ್ಷದಲ್ಲಿ ಅರ್ಧ ಕರಗುವುದು ವರ್ಷಕ್ಕೆ ಒಂದು ಲಕ್ಷ, ಹತ್ತು ಪರ್ಸೆಂಟ್ ಬಡ್ಡಿ ಇನ್ನೊಂದು ಲಕ್ಷ. ಸಣ್ಣ ಹಿಡುವಳಿಯಲ್ಲಿ 300 ಗಂಟೆ ಓಡಿದರೆ ದೊಡ್ಡದು. ಡೀಸೆಲ್ ಹಾಕುವ ಮೊದಲೇ ಗಂಟೆಗೆ 660ಕ್ಕೂ ಹೆಚ್ಚು ರೂಪಾಯಿ ಹೋಯಿತು. ಕರ್ನಾಟಕದಲ್ಲಿ 2014ರಿಂದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಿವೆ, ಹಳ್ಳಿಗಳಲ್ಲಿ ಖಾಸಗಿಯಾಗಿ ಬಾಡಿಗೆಗೆ ಓಡಿಸುವವರೂ ಇದ್ದಾರೆ. ವರ್ಷದಲ್ಲಿ ಕೆಲವೇ ದಿನ ಬೇಕಾಗುವ ಯಂತ್ರಕ್ಕೆ ಗ್ರಾಚ್ಯುಟಿ ಕಟ್ಟಿಹಾಕುವುದಕ್ಕಿಂತ, ಮೆಕ್ಕೆಜೋಳ ಹಾಲುಗಾಳು ದಾಟುವ ಹೊತ್ತಿಗೆ ಯಂತ್ರ ಮೊದಲೇ ಗೊತ್ತುಮಾಡಿ, ಹಣವನ್ನು ಒಳ್ಳೆಯ ಹಸುವಿಗೆ, ಗುಂಡಿಯ ಕಾಂಕ್ರೀಟಿಗೆ ಹಾಕುವುದು ಲೇಸು.

ಸ್ವಂತ ಟ್ರ್ಯಾಕ್ಟರ್ ಇದ್ದವರು ಹಿಂದಿನ ಗಾಡಿಯನ್ನು ಅದಕ್ಕೆ ತಕ್ಕಂತೆ ಕೊಳ್ಳಿ, ಗಾಡಿಗೆ ತಕ್ಕಂತೆ ಟ್ರ್ಯಾಕ್ಟರ್ ಬದಲಿಸಬೇಡಿ. ಸಾಲದ ಕಾಗದಕ್ಕೆ ಸಹಿ ಹಾಕುವ ಮುಂಚೆ ನಿಮ್ಮದೇ ಹೊಲದಲ್ಲಿ, ತುಂಬಿದ ಗಾಡಿಯೊಂದಿಗೆ, ಒಂದು ಮಧ್ಯಾಹ್ನ ಓಡಿಸಿ ತೋರಿಸಿ ಎಂದು ಕೇಳಿ. ಒಪ್ಪದ ಡೀಲರ್ ಹತ್ತಿರ ವ್ಯವಹಾರ ಬೇಡ.